ತೇಗದ ಪೆಟ್ಟಿಗೆ, ಹಲಸಿನ ಪೆಟ್ಟಿಗೆ

ತೇಗದ ಹಲಗೆಗೆ ತೊಂಬತ್ತು, ಸ್ವರ ಹೊರಡಿಸುವ ಎರಡು ಸಾಲು ರೀಡಿಗೆ ನೂರಮೂವತ್ತು, ಗಾಳಿ ಊದುವ ತಿದಿಗೆ ಮೂವತ್ತು, ಹೊಳಪಿಗೂ ಹಿತ್ತಾಳೆ ಗುಬುಟಿಗೂ ಐವತ್ತು. ಕೂಲಿ, ಲಾಭ ಸೇರಿಸಿದರೆ ಯೋಗಾನರಸಿಂಹ ಮಾಡುವ ಹಾರ್ಮೋನಿಯಂ ನಾನೂರೈವತ್ತು ರೂಪಾಯಿ. ಮಳವಳ್ಳಿಯ ಪುಟ್ಟಮಾದಯ್ಯನದು ನೂರೆಂಬತ್ತೇ. ಹೀಗಾಗಿ ಎಪ್ಪತ್ನಾಲ್ಕರ ಸುಗ್ಗಿ ಮುಗಿದರೂ ಮದ್ದೂರಿನ ಅಂಗಡಿಯಲ್ಲಿ ಪೆಟ್ಟಿಗೆಗಳು ಕೂತೇ ಇದ್ದವು. ಬಾಡಿಗೆ ಮಾತ್ರ ಕೂರಲಿಲ್ಲ. ಬೇಸಗೆಯೊಳಗೆ ಬಾಕಿ ತೀರದಿದ್ದರೆ ಅಂಗಡಿ ಬಿಡಿ ಎಂದಿದ್ದ ಮಾಲೀಕ.

"ಅಗ್ಗದ್ದೂ ಒಂದು ಮಾಡಿ ನೋಡಿ" ಎಂದು ಹೆಂಡತಿ ಗೋದಾ ಹೇಳಿ ಹೇಳಿ ಸೋತಿದ್ದಳು.

"ಮಳವಳ್ಳಿಯದರಂತೆ ಗಾಳಿ ಸೋರುವ ಪೆಟ್ಟಿಗೆಗೆ ನನ್ನ ಹೆಸರು ಹಾಕಲೇ?" ಎನ್ನುತ್ತಿದ್ದ ಆತ.

ಒಂದು ಬೆಳಿಗ್ಗೆ ಆತಗೂರಿನ ಹೊನ್ನಯ್ಯ ಊರ ನಾಟಕಕ್ಕೆಂದು ಪೆಟ್ಟಿಗೆ ಕೊಳ್ಳಲು ಬಂದವನು ಬೆಲೆ ಕೇಳಿದ್ದೇ ಟವೆಲ್ಲು ಕೊಡವಿ ಎದ್ದ.

"ಇದೇನು ಪೆಟ್ಗೆನೋ ಎಮ್ಮೆನೋ ಅಯ್ನೋರೆ? ತಾಲೀಮಲ್ಲಿ ಊರೋರೆಲ್ಲ ಗುದ್ದೋದು ಇದ್ನೇ. ಮಳವಳ್ಳೀದೇ ಸಾಕು ಬುಡಿ."

"ಅದು ಸೋರುತ್ತಂತಲ್ಲ?" ಎಂದಳು ಗೋದಾ.

"ಸೋರ್ತದೆ ಕಣಮ್ಮ. ಓದ್ವರ್ಸ ಕೃಷ್ಣ ಬಾಯಿ ಬುಡೋಕ್ ಮುಂಚೆ ಪೆಟ್ಗೆಗೇ ಏದುಸ್ರು ಬಂತು!"

ಗೋದಾಗೆ ನಗು ತಡೆಯಲಿಲ್ಲ. "ನಿಮ್ಮಲ್ಲಿ ಪಾತ್ರ ಕಟ್ಟೋನೇ ದುಡ್ಡು ಕೊಡಬೇಕಂತೆ. ಎಷ್ಟಪ್ಪ?"

"ದುರ್ಯೋಧನಂಗೆ ಮುನ್ನೂರು. ಬಾಗ್ಲು ಕಾಯೋ ಸೇವಕಂಗೆ ಅತ್ತು."

"ಸೇವಕನಿಗೂ ಕಿರೀಟ ಉಂಟೋ?"

"ಅತ್ರುಪಾಯ್ಗೆ ಕಿರೀಟವಾ? ಪೇಟ ಸುತ್ತಿ ತಳ್ತೀವಿ. ಆದ್ರೆ ಅವ್ನ ಮಾತು ಕಡೇ ಸಾಲ್ಗೂ ಕೇಳ್ಬೇಕು. ಇಲ್ದಿದ್ರೆ ಜನ ಸಿಳ್ಳೆ ಒಡೀತಾರೆ."

ಗೋದಾ ಗಂಡನತ್ತ ತಿರುಗಿದಳು. "ಕೇಳಿದಿರಾ? ಕಿರೀಟ ತೆಗೀರಿ, ಗಂಟಲು ಮುಟ್ಟಬೇಡಿ."

ಯೋಗಾನರಸಿಂಹ ಗದ್ದ ಕೆರೆದುಕೊಂಡ. ಮಾರನೆಯ ದಿನ ಹಲಸಿನ ಹಲಗೆ ತಂದ. ರೀಡು ಒಂದೇ ಸಾಲು, ಹೊಳಪಿಲ್ಲ, ಗುಬುಟಿಯಿಲ್ಲ. ತಿದಿ ಮಾತ್ರ ತೇಗದ ಪೆಟ್ಟಿಗೆಗೆ ಹಾಕುವಂಥದ್ದೇ. ಇನ್ನೂರಿಪ್ಪತ್ತು ರೂಪಾಯಿ.

"ಮಳವಳ್ಳಿಗಿಂತ ನಲ್ವತ್ತು ಜಾಸ್ತಿ ಆಯ್ತಲ್ಲ!" ಎಂದು ಗೊಣಗಿಕೊಂಡೇ, ಹೇಳಿಕಳಿಸಿದಾಗ ಮತ್ತೆ ಬಂದ ಹೊನ್ನಯ್ಯ ಹೊತ್ತುಕೊಂಡು ಹೋದ.

ತಾಲೀಮಿನ ಗುದ್ದೆಲ್ಲ ತಿಂದರೂ ಹಲಸಿನ ಪೆಟ್ಟಿಗೆಗೆ ಏದುಸಿರು ಬರಲಿಲ್ಲ. ಸುದ್ದಿ ಹಬ್ಬಿ ಪಕ್ಕದೂರಿನ ತಂಡಗಳೂ ಬಂದವು. ನಾಟಕಕ್ಕೆ ವಾರವಿದೆ ಎನ್ನುವಾಗ ಅಂಗಡಿಗೆ ನುಗ್ಗಿದವನು ದುರ್ಯೋಧನನ ಪಾತ್ರ ಹಿಡಿದಿದ್ದ ಅಂಕಯ್ಯ. ಕಬ್ಬಿನ ದುಡ್ಡು ಜೇಬಿನಲ್ಲಿ ಬೆಚ್ಚಗಿತ್ತು.

"ಸೇವಕ ಆಡೋ ಪೆಟ್ಗೆಗೇ ನಾನೂ ಆಡ್ಬೇಕಾ? ಕೊಡಿ ಅಯ್ನೋರೆ ಆ ತೇಗದ್ದ. ನಾನು ಬಂದಾಗ ಇದೇ ನುಡೀಬೇಕು."

ಗೋದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಅಂಕಯ್ಯನನ್ನು ನೋಡಿ ಪಕ್ಕದೂರುಗಳ ದುರ್ಯೋಧನರೂ ತೇಗದ್ದೇ ಬೇಕೆಂದು ಬಂದರು. ಆ ಬೇಸಗೆಯಲ್ಲಿ ಹಲಸಿನ ಪೆಟ್ಟಿಗೆಗಳು ಬಾಡಿಗೆ ತೀರಿಸಿದವು, ತೇಗದವು ಮನೆಗೆ ಅಕ್ಕಿ ತಂದವು. ಅಂಗಡಿ ಉಳಿಯಿತು. ಕಳೆದದ್ದು ಯೋಗಾನರಸಿಂಹನ ಹಟವೊಂದೇ.