ಲೋಕನಾಥ ಶೆಟ್ಟರ ಮೂಗು

ಲೋಕನಾಥ ಶೆಟ್ಟರಿಗೂ ನನಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ. ಅವರು ಪಣಂಬೂರಿನ ಮೀನು ಫ್ರೀಜ್ ಮಾಡುವ ಕಾರ್ಖಾನೆಯೊಂದರ ಎಂಜಿನ್ ರೂಮಿಗೆ ಫೋರ್‌ಮನ್. ನಾನು, ಏವ್ರಿಲ್ ಲೋಬೊ, ಅಲ್ಲಿಗೆ ಹೊಸದಾಗಿ ಸೇರಿದ ಸೇಫ್ಟಿ ಆಫೀಸರ್. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನ್ನ ಉದ್ಯೋಗವೇ ಅದು. ಒದೆಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ಆ ಕಾರ್ಖಾನೆಯಲ್ಲಿ ಚಳಿ ಹುಟ್ಟುವುದು ಅಮೋನಿಯಾದಿಂದ. ಬಂಗುಡೆ, ಬೊಂಡಾಸು, ಸಿಗಡಿ ಎಲ್ಲ ಕಲ್ಲಿನಂತೆ ಗಟ್ಟಿಯಾಗಿ ಕಂಟೇನರ್ ಹತ್ತಬೇಕಾದರೆ ಪೈಪುಗಳಲ್ಲಿ ಅದು ಓಡುತ್ತಲೇ ಇರಬೇಕು. ಪೈಪಿನ ಒಳಗಿರುವಷ್ಟು ಹೊತ್ತು ಅದು ಎಲ್ಲರಿಗೂ ಅನ್ನ ಕೊಡುತ್ತದೆ. ಹೊರಗೆ ಬಂದರೆ ದೇಹದಲ್ಲಿ ಒದ್ದೆ ಇರುವ ಜಾಗವನ್ನೇ ಹುಡುಕಿಕೊಂಡು ಹೋಗಿ ಸುಡುತ್ತದೆ: ಕಣ್ಣು, ಗಂಟಲು, ಶ್ವಾಸಕೋಶ. ಎಂಜಿನ್ ರೂಮಿನ ಗೋಡೆಯಾಚೆಯೇ ಸಿಗಡಿ ಸುಲಿಯುವ ಹಾಲ್. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಹೆಂಗಸರು ಸಾಲಾಗಿ ನಿಂತಿರುತ್ತಾರೆ.

ಸೋರಿಕೆಯಾದರೆ ಕೂಗಲೆಂದು ಎಂಜಿನ್ ರೂಮಿನ ಗೋಡೆಗೆ ಒಂದು ಮೀಟರ್ ಹಾಕಿದ್ದರು. ನಾನು ಹೋದಾಗ ಅದರ ಸ್ವಿಚ್ ಆಫ್ ಆಗಿತ್ತು. ಶೆಟ್ಟರು ಬೆಳಿಗ್ಗೆ ಕಂಪ್ರೆಸರಿನ ಮುಂದೆ ಊದುಬತ್ತಿ ಹಚ್ಚುವಾಗ ಅದು ಸುಮ್ಮನೆ ಕೂಗುತ್ತದೆಯಂತೆ. ಹತ್ತಿರ ಹೋಗಿ ನೋಡಿದೆ. ಗಾಳಿ ಎಳೆದುಕೊಳ್ಳುವ ಜಾಲರಿಗೆ ಆಯುಧಪೂಜೆಯ ದಿನ ಗಂಧ ಬಳಿದು, ನಟ್ಟನಡುವೆ ಕುಂಕುಮದ ಬೊಟ್ಟು ಇಟ್ಟಿದ್ದರು. ಅದು ಒಣಗಿ ಗಾರೆಯ ಹಾಗೆ ಕೂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬ್ಯಾಗಿನಿಂದ ಕೀ ತೆಗೆದು ಕೆರೆಯತೊಡಗಿದೆ.

"ಎಂತ ಬಾಯಮ್ಮ, ದೇವರ ಗಂಧ ಕೆರೆಯುವುದಾ?" ಹಿಂದಿನಿಂದ ಶೆಟ್ಟರ ಸ್ವರ ಬಂತು. ಕ್ರೈಸ್ತ ಹೆಂಗಸರೆಲ್ಲ ಅವರಿಗೆ ಬಾಯಮ್ಮ.

"ಪಾದ್ರಿಗಳು ಬಂದು ಶಿಲುಬೆ ಅಂಟಿಸಿದ್ರೂ ಕೆರೆಯುತ್ತಿದ್ದೆ ಶೆಟ್ರೆ. ಇದು ಗಾಳಿ ಎಳೆಯುವ ಜಾಗ."

"ಆ ಡಬ್ಬಿ ಬರುವ ಮೊದ್ಲು ಇಲ್ಲಿ ಕೆಲ್ಸ ನಡೀತಾ ಇರ್ಲಿಲ್ವಾ?" ಅವರು ತೋರುಬೆರಳಿನಿಂದ ತಮ್ಮ ಮೂಗನ್ನು ತಟ್ಟಿದರು. "ಮೀಟರ್ ಇದು. ಇದಕ್ಕೆ ಬ್ಯಾಟ್ರಿ ಬೇಡ, ಕಂಪ್ಯೂಟರ್ ಓದಿದವರೂ ಬೇಡ."

ಕೆರೆದದ್ದೂ ದಂಡವಾಯಿತು. ಒಳಗಿನ ಸೆನ್ಸರೇ ಸತ್ತಿತ್ತು. ಧಣಿಗಳ ಮಗ ಅಕ್ಷಿತ್ ಈಗ ಕಾರ್ಖಾನೆ ನೋಡಿಕೊಳ್ಳುವವರು. ಹೊಸದು ತರಿಸಿ ಎಂದು ಅವರ ಮುಂದೆ ಕೂತೆ. ಅವರು ನಕ್ಕರು. "ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು ಮೇಡಂ. ನಮ್ಮ ಶೆಟ್ರ ಮೂಗು ಈ ಫ್ಯಾಕ್ಟರಿಯಷ್ಟೇ ಹಳೇದು. ಒಂದು ಹನಿ ಸೋರಿದ್ರೂ ಅವರಿಗೆ ಗೊತ್ತಾಗ್ತದೆ."

ಅವರ ಬೆನ್ನ ಹಿಂದೆ, ಕಿಟಕಿಯಾಚೆ ಕಾಣುವ ರಿಸೆಪ್ಷನ್ನಿನ ಗಾಜಿನ ಶೋಕೇಸಿನಲ್ಲಿ, ರಫ್ತಿನ ಪ್ರಶಸ್ತಿಗಳ ಪಕ್ಕ ಒಂದು ಬ್ರೀದಿಂಗ್ ಸೆಟ್ ಕೂತಿತ್ತು. ಮುಖ ಮುಚ್ಚುವ ಮಾಸ್ಕ್, ಬೆನ್ನಿಗೆ ಗಾಳಿಯ ಸಿಲಿಂಡರ್. ಅದನ್ನು ಎಂಜಿನ್ ರೂಮಿನ ಬಾಗಿಲಲ್ಲಿ ಇಡಬೇಕು ಎಂದೆ. ಅಲ್ಲಿ ಎಣ್ಣೆ ಹಿಡಿದು ಹಾಳಾಗುತ್ತದೆ, ವಿದೇಶದ ಬೈಯರ್‌ಗಳು ಬಂದಾಗ ಎದುರಿಗೇ ಕಾಣಬೇಕು ಎಂದರು. ಶೋಕೇಸಿನ ಬೀಗದ ಕೈ ಅವರ ಕಾರಿನ ಕೀಯ ಜೊತೆಗೇ ನೇತಾಡುತ್ತಿತ್ತು.

ಶೆಟ್ಟರ ಮೂಗಿನ ಬಗ್ಗೆ ನನಗೆ ಸಂಶಯ ಹುಟ್ಟಿದ್ದು ಒಂದು ಮಧ್ಯಾಹ್ನ. ಪ್ಯಾಕಿಂಗ್ ಯಂತ್ರದಲ್ಲಿ ಪ್ಲಾಸ್ಟಿಕ್ ಸಿಕ್ಕಿ ಸುಟ್ಟು, ಎಲ್ಲರೂ ಮೂಗು ಹಿಡಿದುಕೊಂಡು ಹೊರಗೆ ಓಡಿದೆವು. ಶೆಟ್ಟರು ಮಾತ್ರ ಅಲ್ಲೇ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಜನ ಯಾಕೆ ಓಡಿದರು ಎಂದು ತಲೆ ಎತ್ತಿ ನೋಡಿದ್ದನ್ನು ನಾನು ನೋಡಿದೆ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಎಂಜಿನ್ ರೂಮಿನ ಕಿಟಕಿಯ ಬಳಿ ನಿಂತೆ. ಶೆಟ್ಟರು ದಿನವೂ ಸುತ್ತು ಹಾಕುವ ಹೊತ್ತು ಅದು. ಪ್ರತಿ ವಾಲ್ವಿನ ಹತ್ತಿರ ನಿಂತು ವಾಸನೆ ನೋಡಿ ಸರಿ ಉಂಟು ಎಂದು ಹೇಳುವುದು. ಅವತ್ತು ಅವರ ಜೊತೆ ನಿರೀಕ್ಷಾ ಇದ್ದಳು. ಅವರ ತಂಗಿಯ ಮಗಳು, ನಮ್ಮಲ್ಲೇ ಕ್ವಾಲಿಟಿ ಲ್ಯಾಬಿನಲ್ಲಿ ಕೆಲಸ. ಬಗ್ಗುತ್ತಿದ್ದವಳು ಅವಳು. ವಾಲ್ವಿಗೆ ಮುಖ ಹತ್ತಿರ ತಂದು ಉಸಿರೆಳೆದು ತಲೆ ಅಲ್ಲಾಡಿಸುತ್ತಿದ್ದಳು. ಆಮೇಲೆ ಶೆಟ್ಟರು ದೊಡ್ಡ ಸ್ವರದಲ್ಲಿ, "ಇಲ್ಲಿ ಸರಿ ಉಂಟು," ಎನ್ನುತ್ತಿದ್ದರು. ಒಂದು ಕಡೆ ಅವಳಿಗೆ ಕೆಮ್ಮು ಬಂತು. ಶೆಟ್ಟರು ಕೂಡಲೇ ಸ್ಪ್ಯಾನರ್ ಹಾಕಿ ನಟ್ ಬಿಗಿ ಮಾಡಿದರು.

ನಾನು ಬಾಗಿಲು ತಳ್ಳಿ ಒಳಗೆ ಹೋದೆ.

"ಶೆಟ್ರೆ, ನಿಮ್ಮ ಮೂಗು ಹೋಗಿ ಎಷ್ಟು ಕಾಲ ಆಯ್ತು?"

ಅವರ ಮುಖ ಕಪ್ಪಿಟ್ಟಿತು. ಉತ್ತರ ಕೊಟ್ಟದ್ದು ನಿರೀಕ್ಷಾ. "ಕೊರೊನಾ ಬಂದು ಹೋದ ಮೇಲೆ ಮಾವನಿಗೆ ವಾಸನೆ ಗೊತ್ತಾಗುವುದಿಲ್ಲ ಮೇಡಂ. ಯಾರಿಗೂ ಹೇಳ್ಬೇಡಿ."

"ಮತ್ತೆ ನಿನ್ನ ಶ್ವಾಸಕೋಶ ಇವರ ಮೀಟರಾ?"

"ನಮ್ಮ ಮನೆ ವಿಷಯಕ್ಕೆ ಕೈ ಹಾಕ್ಬೇಡಿ," ಎಂದರು ಶೆಟ್ಟರು.

"ಎಂಜಿನ್ ರೂಮ್ ನಿಮ್ಮ ಮನೆ ಅಲ್ಲ. ಗೋಡೆಯ ಆಚೆ ನಿಂತಿರುವ ಹೆಂಗಸರು ನಿಮ್ಮ ಮನೆಯವರಲ್ಲ. ಈ ಹುಡುಗಿಯಾದ್ರೂ ನಿಮ್ಮ ಮನೆಯವಳಲ್ವಾ? ನಾಚಿಕೆ ಆಗುವುದಿಲ್ವಾ ನಿಮ್ಗೆ?"

ನಿರೀಕ್ಷಾ ನನ್ನನ್ನು ಹೊರಗೆ ಕರೆದುಕೊಂಡು ಬಂದಳು. ಕಣ್ಣಲ್ಲಿ ನೀರಿತ್ತು, ಸ್ವರದಲ್ಲಿ ವಿಷ. "ಅಪ್ಪ ಬಿಟ್ಟು ಹೋದ ಮೇಲೆ ಅಮ್ಮನನ್ನೂ ನನ್ನನ್ನೂ ಸಾಕಿದ್ದು ಮಾವ. ನಾನು ಓದಿದ್ದು ಅವರ ದುಡಿಮೆಯಲ್ಲಿ. ಅವರಿಗೋಸ್ಕರ ನಾನು ಒಂದಿಷ್ಟು ಕೆಮ್ಮಿದ್ರೆ ನಿಮಗೆಂತ ನಷ್ಟ?"

ಬಂಟರಲ್ಲಿ ಸೋದರಮಾವನೆಂದರೆ ಅಪ್ಪನಿಗಿಂತ ಒಂದು ತೂಕ ಹೆಚ್ಚು ಎಂದು ನನಗೂ ಗೊತ್ತು. ಆದರೆ ಅಮೋನಿಯಾಕ್ಕೆ ಗೊತ್ತಿಲ್ಲ. ನಾನು ನೇರ ಅಕ್ಷಿತರ ಕೋಣೆಗೆ ಹೋಗಿ ಎಲ್ಲ ಹೇಳಿದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ ಅವರು. ಶೆಟ್ಟರನ್ನು ತೆಗೆಯಲಿಲ್ಲ. ಹೊಸ ಸೆನ್ಸರಿಗೆ ಆರ್ಡರ್ ಹಾಕಿದರು. ನಿರೀಕ್ಷಾ ಎಂಜಿನ್ ರೂಮಿಗೆ ಕಾಲಿಡಬಾರದು. ಸೆನ್ಸರ್ ಬರುವವರೆಗೆ ಯಾರೂ ಎಣ್ಣೆ ತೆಗೆಯುವ ಕೆಲಸ ಮಾಡಬಾರದು ಎಂದರು. ಅಮೋನಿಯಾದ ಟ್ಯಾಂಕಿನ ತಳದಲ್ಲಿ ಕಂಪ್ರೆಸರಿನ ಎಣ್ಣೆ ಸೇರುತ್ತಾ ಹೋಗುತ್ತದೆ. ಕೆಳಗಿನ ವಾಲ್ವ್ ತೆರೆದು ಅದನ್ನು ಹರಿಸಿಬಿಡಬೇಕು. ಎಣ್ಣೆ ಮುಗಿದ ಕೂಡಲೇ ಹಿಂದಿನಿಂದ ಬರುವುದು ಅನಿಲ. ಮೊದಲ ವಾಸನೆಗೇ ವಾಲ್ವ್ ಮುಚ್ಚಬೇಕು. ವಾಸನೆಯೇ ಗೊತ್ತಾಗದವರು ಮುಟ್ಟುವ ಕೆಲಸ ಅದಲ್ಲ.

ಶೆಟ್ಟರು ನನ್ನೊಡನೆ ಮಾತು ಬಿಟ್ಟರು. ನಾನು ಎದುರು ಬಂದರೆ ಚರಂಡಿಗೆ ಉಗುಳಿ ದಾಟುತ್ತಿದ್ದರು. ಸಿಗಡಿ ಹಾಲಿನ ಹೆಂಗಸರಿಗೆ ನಾನು ಓಡುವ ಅಭ್ಯಾಸ ಮಾಡಿಸುವಾಗ ಅವರು ಬಾಗಿಲಲ್ಲಿ ನಿಂತು, "ಬಾಯಮ್ಮ ಒಲಿಂಪಿಕ್ಸಿಗೆ ತಯಾರು ಮಾಡ್ತಿದ್ದಾರೆ," ಎಂದು ನಗಿಸುತ್ತಿದ್ದರು. ನಕ್ಕರೂ ಹೆಂಗಸರು ಓಡುತ್ತಿದ್ದರು. ಮುಖಕ್ಕೆ ಒದ್ದೆ ಬಟ್ಟೆ, ಗಾಳಿ ಬರುವ ದಿಕ್ಕಿಗೆ ಓಟ, ಯಾರೂ ಯಾರನ್ನೂ ಹುಡುಕಿಕೊಂಡು ತಿರುಗಿ ಒಳಗೆ ಹೋಗಬಾರದು. ಕೊನೆಯದನ್ನು ನಾನು ಪ್ರತಿಸಲವೂ ಎರಡೆರಡು ಬಾರಿ ಹೇಳುತ್ತಿದ್ದೆ, ಯಾಕೆಂದರೆ ಇಂಥ ಕಡೆಗಳಲ್ಲಿ ಎತ್ತಲು ಹೋದವರೇ ಹೆಚ್ಚು ಸಾಯುವುದು.

ಸೆನ್ಸರ್ ಬರಲಿಲ್ಲ. ಟ್ಯಾಂಕಿನಲ್ಲಿ ಎಣ್ಣೆ ತುಂಬಿ ಫ್ರೀಜರಿನ ಚಳಿ ಇಳಿಯತೊಡಗಿತು. ಹಡಗಿಗೆ ಹೋಗಬೇಕಾದ ಮಾಲು ಮೆತ್ತಗಾದರೆ ಗತಿ ಏನು ಎಂದು ಅಕ್ಷಿತ್ ಎಲ್ಲರ ಎದುರು ಶೆಟ್ಟರ ಮೇಲೆ ಕೂಗಾಡಿದರು. "ನಂಗೆ ಕಾರಣ ಬೇಡ ಶೆಟ್ರೆ, ಚಳಿ ಬೇಕು. ನಿಮ್ಮ ಕೈಲಿ ಆಗದಿದ್ರೆ ಹೇಳಿ, ಬೇರೆಯವರನ್ನು ನೋಡ್ತೇನೆ." ಎಣ್ಣೆ ತೆಗೆಯಿರಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಮಾತು ಹೇಳಿ ಅವರು ಕಾರು ಹತ್ತಿ ಪೇಟೆಗೆ ಹೋದರು.

ಮಧ್ಯಾಹ್ನದ ಊಟ ಮುಗಿದಿತ್ತು. ಮೊದಲು ಸಿಗಡಿ ಹಾಲಿನಿಂದ ಕೂಗು ಬಂತು. ಆಮೇಲೆ ನನ್ನ ಮೂಗಿಗೂ ಬಡಿಯಿತು, ಕಣ್ಣು ಉರಿಯಿತು. ಸೈರನ್ ಒತ್ತಿದೆ. ಹೆಂಗಸರು ತಲೆವಸ್ತ್ರ ನೀರಿಗೆ ಅದ್ದಿ ಮುಖಕ್ಕೆ ಹಿಡಿದು ಕಡಲಿನ ಬದಿಯ ಗೇಟಿಗೆ ಓಡಿದರು. ಗಾಳಿ ಅಲ್ಲಿಂದಲೇ ಬೀಸುತ್ತಿತ್ತು. ತಲೆ ಲೆಕ್ಕ ಹಾಕಿದೆ. ಸಿಗಡಿ ಸುಲಿಯುವವರು ಅಷ್ಟೂ ಮಂದಿ ಬಂದಿದ್ದರು. ಲ್ಯಾಬಿನವರೂ ಬಂದಿದ್ದರು.

"ಮಾವ ಎಲ್ಲಿ?" ಎಂದಳು ನಿರೀಕ್ಷಾ.

ಎಂಜಿನ್ ರೂಮಿನ ಬಾಗಿಲಿನಿಂದ ಬಿಳಿ ಹೊಗೆ ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ನನಗೆ ಎಲ್ಲ ತಿಳಿಯಿತು. ಶೆಟ್ಟರು ಒಬ್ಬರೇ ಕೂತು ವಾಲ್ವ್ ತೆರೆದಿದ್ದರು. ಮೂಗು ಸತ್ತವನಿಗೂ ಕಣ್ಣು ಉರಿಯುತ್ತದೆ, ಆದರೆ ಕಣ್ಣು ಉರಿಯುವ ಹೊತ್ತಿಗೆ ಬಾಗಿಲು ಕಾಣುವುದಿಲ್ಲ.

ವೆಲ್ಡರ್ ಇರ್ವಿನ್ ಕತಾರಿನಲ್ಲಿ ಗ್ಯಾಸ್ ಪ್ಲಾಂಟಿನಲ್ಲಿ ದುಡಿದವನು. ಬ್ರೀದಿಂಗ್ ಸೆಟ್ ಹಾಕಿಕೊಳ್ಳಲು ನನ್ನ ಬಿಟ್ಟರೆ ಅವನಿಗೆ ಮಾತ್ರ ಬರುತ್ತಿತ್ತು. "ಶೋಕೇಸ್ ಒಡಿ," ಎಂದೆ. ಅವನು ಆಫೀಸಿನ ಕಡೆ ಓಡಿದ. ಅದು ಕಾಂಪೌಂಡಿನ ಇನ್ನೊಂದು ತುದಿಯಲ್ಲಿತ್ತು.

ಅಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಶೆಟ್ಟರು ಸ್ಪ್ಯಾನರಿನಿಂದ ಪೈಪಿಗೆ ಬಡಿಯುತ್ತಿದ್ದರು.

ನಿರೀಕ್ಷಾ ಹೊರಟಳು. ನಾನು ಅವಳ ಸೊಂಟಕ್ಕೆ ಎರಡೂ ಕೈ ಹಾಕಿ ಹಿಡಿದೆ. "ತಮ್ಮಲೆ, ತಮ್ಮಲೆ," ಎಂದು ಅವಳು ತುಳುವಿನಲ್ಲಿ ಮಾವನನ್ನು ಕೂಗಿದಳು. ಸದ್ದು ಅವಳ ಸ್ವರಕ್ಕೆ ಉತ್ತರ ಕೊಡುವಂತೆ ಜೋರಾಯಿತು.

"ಬದುಕಿದ್ದಾರೆ ಮೇಡಂ, ಕೇಳ್ತದಲ್ಲ, ಬಿಡಿ. ಬಾಗಿಲ ಹತ್ತಿರವೇ ಇದ್ದಾರೆ. ಉಸಿರು ಹಿಡಿದು ಹೋಗಿ ಬರ್ತೇನೆ."

"ಹೋಗ್ತಿ. ಬರ್ಲಿಕ್ಕಿಲ್ಲ."

ಅವಳು ನನ್ನ ಕೈ ಕಚ್ಚಿದಳು. ನಾನು ಬಿಡಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದಳು, ನನ್ನ ಧರ್ಮವನ್ನು, ನನ್ನ ಹೊಟ್ಟೆಯಲ್ಲಿ ಮಕ್ಕಳು ಹುಟ್ಟದೆ ಇದ್ದುದನ್ನು. ಮಣ್ಣಿಗೆ ಕೆಡವಿ ಅವಳ ಮೇಲೆ ಕೂತೆ. ನನಗೂ ಒಳಗೆ ಹೋಗಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಆ ಸದ್ದು ಕೇಳಿದ ಯಾರಿಗಾದರೂ ಅನಿಸುತ್ತಿತ್ತು. ಆದರೆ ನಾನು ಎದ್ದರೆ ಇವಳು ಓಡುತ್ತಾಳೆ, ಇವಳ ಹಿಂದೆ ಇನ್ನೊಬ್ಬಳು ಓಡುತ್ತಾಳೆ. ದೂರದಲ್ಲಿ ಗಾಜು ಒಡೆದದ್ದು ಕೇಳಿಸಿತು. ಪೈಪಿನ ಸದ್ದು ನಿಧಾನವಾಯಿತು. ಇರ್ವಿನ್ ಸಿಲಿಂಡರ್ ಹೊತ್ತು ಮಾಸ್ಕ್ ಬಿಗಿಯುತ್ತಾ ಬರುವಾಗ ಅದು ನಿಂತಿತ್ತು.

ಅವನು ಶೆಟ್ಟರನ್ನು ಬಾಗಿಲ ಪಕ್ಕದಿಂದಲೇ ಎಳೆದು ತಂದ. ನಿರೀಕ್ಷಾ ಹೇಳಿದ್ದು ಸರಿಯಿತ್ತು, ಅವರು ಬಾಗಿಲ ಹತ್ತಿರವೇ ಇದ್ದರು. ನೀರು ಸುರಿದೆವು, ಆಂಬುಲೆನ್ಸಿಗೆ ಹಾಕಿದೆವು. ಆಸ್ಪತ್ರೆಯ ದಾರಿಯಲ್ಲಿ ಪಂಪ್‌ವೆಲ್ ದಾಟುವ ಮೊದಲೇ ಎಲ್ಲ ಮುಗಿದಿತ್ತು.

ಸಂಜೆ ಅಕ್ಷಿತ್ ಬಂದು ಮೊದಲು ಕೇಳಿದ್ದು, ಶೋಕೇಸ್ ಒಡೆದದ್ದು ಯಾರು ಎಂದು. ಆ ಮುಖಕ್ಕೆ ಹೊಡೆಯದೆ ಇದ್ದುದಕ್ಕೆ ನನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದಾಗ ಗಂಧ ಬಳಿದ ಮೀಟರನ್ನೂ, ಬೀಗ ಹಾಕಿದ ಬ್ರೀದಿಂಗ್ ಸೆಟ್ಟನ್ನೂ, ಶೆಟ್ಟರ ಸತ್ತ ಮೂಗನ್ನೂ ಒಂದೂ ಬಿಡದೆ ಹೇಳಿದೆ. ಕಾರ್ಖಾನೆಗೆ ಬೀಗ ಬಿತ್ತು. ನನ್ನ ಕೆಲಸವೂ ಹೋಯಿತು.

ಶೆಟ್ಟರ ಉತ್ತರಕ್ರಿಯೆಯ ದಿನ, ಅಂದರೆ ತುಳುವರ ಬೊಜ್ಜದ ದಿನ, ಜೆಪ್ಪುವಿನ ಅವರ ಮನೆಗೆ ಹೋದೆ. ಯಾರೂ ಕರೆದಿರಲಿಲ್ಲ. ಅಂಗಳದ ಚಪ್ಪರದಲ್ಲಿ ಜನ ಊಟಕ್ಕೆ ಕೂತಿದ್ದರು. ನಿರೀಕ್ಷಾಳ ಅಮ್ಮ ಶಶಿಪ್ರಭಾ ಎದ್ದು ಬಂದು ಗೇಟಿನಲ್ಲೇ ನನ್ನನ್ನು ತಡೆದು ನಿಂತರು. ಅವರ ಕಣ್ಣು ನನ್ನ ಕೈಯ ಬ್ಯಾಂಡೇಜಿನ ಮೇಲಿತ್ತು.

"ಮಗಳು ನಿಮ್ಮನ್ನು ಕೊಲೆಗಾರ್ತಿ ಅಂತ ಹೇಳ್ತಾಳೆ," ಎಂದರು ಮೆಲ್ಲಗೆ. "ನಾನು ಇಲ್ಲ ಅಂತ ಹೇಳ್ಲಿಲ್ಲ. ಹೌದು ಅಂತ್ಲೂ ಹೇಳ್ಲಿಲ್ಲ."

ನಾನು ಗೇಟಿನಿಂದ ಕೈ ತೆಗೆದೆ.

"ನೀವು ಬಿಟ್ಟಿದ್ರೆ ಇವತ್ತು ಇಬ್ಬರಿಗೆ ಎಲೆ ಬಡಿಸ್ಬೇಕಿತ್ತು. ಅಷ್ಟು ಬುದ್ಧಿ ನಂಗೆ ಉಂಟು. ಮಗಳನ್ನು ಉಳಿಸಿದ್ದು ನೀವೇ. ಆದ್ರೆ ಒಳಗೆ ನನ್ನ ಅಣ್ಣ ಬಡಿಯುವಾಗ ಹೊರಗೆ ಕೂತು ಕೇಳಿದವರೂ ನೀವೇ. ನಿಮ್ಮ ಮುಖ ನೋಡಿದ್ರೆ ನಂಗೆ ಅದೇ ಕೇಳ್ತದೆ. ದೇವರು ನಿಮಗೆ ಒಳ್ಳೇದು ಮಾಡ್ಲಿ. ಈ ಮನೆಗೆ ಮಾತ್ರ ಇನ್ನು ಬರ್ಬೇಡಿ."

ಅವರ ಹೆಗಲಿನಾಚೆ ನಿರೀಕ್ಷಾ ಕಂಡಳು. ಪಾಯಸದ ಪಾತ್ರೆ ಹಿಡಿದು ಸಾಲಿನ ನಡುವೆ ಬಡಿಸುತ್ತಾ ಬರುತ್ತಿದ್ದಳು. ನನ್ನನ್ನು ಕಂಡು ನಿಂತಳು. ಆ ನೋಟದಲ್ಲಿ ಒಂದು ಚೂರೂ ಕರುಣೆ ಇರಲಿಲ್ಲ. ನೆಲಕ್ಕೆ ಉಗುಳಲಿಲ್ಲ, ಅಷ್ಟೆ. ನಾನು ತಿರುಗಿ ರಸ್ತೆಗೆ ಇಳಿದೆ. ಇರಲಿ. ನನ್ನನ್ನು ದ್ವೇಷಿಸುವುದಕ್ಕೆ ಅವಳು ಇದ್ದಾಳೆ.