ಪುಕ್ಕಟೆ ಏಟು

ಪೂರ್ಣಿಮಾ ಹೊನ್ನಾವರದ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಬಂದವರ ಕಣ್ಣೆದುರು ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣ್ತದೋ, ಇದೋ?" ಎಂದು ಕೇಳುವುದೇ ಅವಳ ದಿನದ ಹೆಚ್ಚಿನ ಮಾತು. ಸಂಜೆ ಬಾಡಿಗೆ ಕೋಣೆಗೆ ಮರಳಿದರೆ ಅದೂ ಇಲ್ಲ. ಭಟ್ಕಳದ ಮನೆಯಲ್ಲಿ ಅಣ್ಣ ದಿನಕರನ ಸಂಸಾರವಿತ್ತು. ಅಮ್ಮ ತೀರಿಕೊಂಡ ಮೇಲೆ ಅಲ್ಲಿಂದ ಬರುವ ಫೋನು ಕಡಿಮೆಯಾಗುತ್ತ ಬಂದು, ಈಗ ಹಬ್ಬಕ್ಕೊಂದು ಮೆಸೇಜಿಗೆ ನಿಂತಿತ್ತು.

ಭಾನುವಾರ ಮಾತ್ರ ಊಟ ಮುಗಿಸಿ ಕುಮಟೆಯ ಬಸ್ಸು ಹತ್ತುತ್ತಿದ್ದಳು. ಕನ್ನಡಕ ಮಾಡಿಸಲು ಬಂದಿದ್ದ ಅಜಯ ಎಂಬ ಕಾಲೇಜು ಮೇಷ್ಟ್ರು ತನ್ನ ಮನೆಯ ಮಹಡಿಯಲ್ಲಿ ನಡೆಸುವ ಆಟದ ಬಗ್ಗೆ ಹೇಳಿದಾಗ, "ನಾನೂ ಬರ್ಬಹುದಾ?" ಎಂದು ಬಾಯಿತಪ್ಪಿ ಕೇಳಿಬಿಟ್ಟಿದ್ದಳು. ಅಜಯ ಕತೆ ಹೇಳುವವನು. ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗಿ, ತಾವು ಏನು ಮಾಡುತ್ತೇವೆಂದು ಹೇಳಬೇಕು. ಕಾಳಗ ಬಂದರೆ ಸರದಿಯಂತೆ ದಾಳ ಉರುಳಿಸಬೇಕು. ಬ್ಯಾಂಕಿನ ರವೀಂದ್ರ ಬಿಲ್ಲುಗಾರನಾಗಿದ್ದ. ಬಿ.ಎಡ್. ಓದುತ್ತಿದ್ದ ಅರ್ಚನಾ ಮದ್ದು ಬಲ್ಲ ಮಂತ್ರಗಾತಿ. ಪೂರ್ಣಿಮಾ ಗಂಗಿ ಎಂಬ ಈಟಿಗಾರ್ತಿ.

ಆಟದಲ್ಲೊಂದು ನಿಯಮವಿತ್ತು. ಶತ್ರುವಿನ ಪಕ್ಕದಿಂದ ದಾಟಿಹೋದರೆ ಅವನು ಸರದಿ ಕಾಯದೆ ಒಂದು ಏಟು ಹೊಡೆಯಬಹುದು. ಇವರು ಅದಕ್ಕೆ ಪುಕ್ಕಟೆ ಏಟು ಎನ್ನುತ್ತಿದ್ದರು. ಆದರೆ ಒಂದು ಸುತ್ತಿನಲ್ಲಿ ಒಬ್ಬ ಶತ್ರುವಿಗೆ ಅಂಥ ಏಟು ಒಂದೇ. ಪೂರ್ಣಿಮಾ ಬೇಕೆಂದೇ ಗಂಗಿಯನ್ನು ಶತ್ರುಗಳ ನಡುವೆ ಓಡಿಸುತ್ತಿದ್ದಳು. ಅವರ ಏಟೆಲ್ಲ ಅವಳ ಮೇಲೆ ಖರ್ಚಾದರೆ ಉಳಿದವರು ನಿಶ್ಚಿಂತೆಯಿಂದ ದಾಟಬಹುದು.

"ಅಕ್ಕನ ಧೈರ್ಯ ಅಂದ್ರೆ ಧೈರ್ಯ!" ಎಂದು ರವೀಂದ್ರ ನಗುತ್ತಿದ್ದ. ಬಸ್ಸಿನಲ್ಲಿ ಹೊನ್ನಾವರದವರೆಗೂ ಅವಳಿಗೆ ಆ ಮಾತು ಸಾಕಾಗುತ್ತಿತ್ತು.

ಮಳೆ ಜೋರಾಗಿದ್ದ ಒಂದು ಭಾನುವಾರ, ಕತೆಯೊಳಗೆ ಮೂವರೂ ದೋಣಿಯಲ್ಲಿ ಹೊಳೆಯ ದಂಡೆಯ ಕೋಟೆಯೊಂದಕ್ಕೆ ಬಂದರು. ಅಜಯ ದೊಡ್ಡ ಹಾಳೆಯ ಮೇಲೆ ಕೋಟೆ ಬರೆದು, ಕಾವಲಿನವರ ಜಾಗದಲ್ಲಿ ಕೇರಂ ಕಾಯಿಗಳನ್ನಿಟ್ಟ. ಗಂಗಿ ಎಂದರೆ ಅಂಗಿಯ ಒಂದು ಕೆಂಪು ಗುಂಡಿ. ಪೂರ್ಣಿಮಾ ಏನೂ ಹೇಳದೆ ಆ ಗುಂಡಿಯನ್ನು ಕಾಯಿಗಳ ನಡುವಿನಿಂದ ತಳ್ಳಿ ಕೋಟೆಯ ಒಳಗೆ ಮುಟ್ಟಿಸಿದಳು. ಏಟುಗಳೆಲ್ಲ ಬಿದ್ದವು. ಗಂಗಿಗೆ ಉಸಿರಷ್ಟೇ ಉಳಿದಿತ್ತು, ಆದರೆ ಬಾಗಿಲಿನ ದಾರಿ ಈಗ ಉಳಿದವರಿಗೆ ಖಾಲಿಯಾಗಿತ್ತು.

"ಒಳಗೆ ಗಂಟೆ ಹೊಡೀತು. ಇನ್ನಷ್ಟು ಜನ ಓಡಿ ಬರ್ತಾ ಇದ್ದಾರೆ," ಎಂದ ಅಜಯ.

ರವೀಂದ್ರ ತಲೆ ಕೆರೆದುಕೊಂಡ. "ನಾನು ದೋಣಿಗೆ ವಾಪಸ್ ಹೋಗ್ತೆ."

ಅರ್ಚನಾ ಕೆಂಪು ಗುಂಡಿಯನ್ನೂ ಪೂರ್ಣಿಮಾಳ ಮುಖವನ್ನೂ ನೋಡಿದಳು. ಪೂರ್ಣಿಮಾ ಕೋಟೆಯ ಬಾಗಿಲನ್ನೇ ನೋಡುತ್ತಿದ್ದಳು. "ಹಾಗಾದ್ರೆ ನಾನೂ," ಎಂದಳು ಅರ್ಚನಾ ಸಣ್ಣ ದನಿಯಲ್ಲಿ.

ಕಾಯಿಗಳು ಗುಂಡಿಯನ್ನು ಸುತ್ತುವರಿದವು. ದಾಳ ಉರುಳಿತು. "ಗಂಗಿ ಸತ್ತಳು," ಎಂದು ಅಜಯ ಹೇಳಿದ.

ಪೂರ್ಣಿಮಾ ಕೆಳಗಿಳಿದು ಚಪ್ಪಲಿ ಮೆಟ್ಟುವಾಗ ಅರ್ಚನಾ ಹಿಂದೆಯೇ ಬಂದಳು.

"ಅಕ್ಕ, ಬೇಜಾರಾತಾ?"

"ಎಂತಕ್ಕೆ? ಆಟ ಅಲ್ವಾ."

"ನೀವು ಯಾವಾಗ್ಲೂ ಒಬ್ಬರೇ ಓಡ್ತ್ರಿ. ನಮ್ಮನ್ನ ಬಿಟ್ಟೇ ಹೋದ್ರಿ ಅಂತ ಅನ್ಸ್ತು."

"ನಿಮಗೆ ದಾರಿ ಆಗ್ಲಿ ಅಂತ್ಲೇ ಹೋದದ್ದು."

"ಒಂದ್ ಮಾತು ಹೇಳ್ಬೇಕಾಗಿತ್ತು. ಹೇಳಿದ್ರೆ ನಾನು ಬತ್ತಿದ್ದೆ."

ಬಸ್ಸಿನ ಕಿಟಕಿ ಮುಚ್ಚಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ, ತನ್ನೊಬ್ಬಳಿಂದ ನೋಡಿಕೊಳ್ಳಲಾಗದೆಂದು ಅಣ್ಣನಿಗೆ ತಾನಾಗಿ ತಿಳಿಯಬೇಕು, ತಾನಾಗಿ ಬರಬೇಕು ಎಂದು ಅವಳು ಕಾದಿದ್ದಳು. ಕೊನೆಗೆ ಬಂದ ಅವನೂ "ಒಂದ್ ಮಾತು ಹೇಳ್ಬೇಕಾಗಿತ್ತು" ಎಂದೇ ಅಂದಿದ್ದ. ಅದು ನೆಪವೆಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಮುಂದಿನ ಭಾನುವಾರ ಅವಳು ಕುಮಟೆಗೆ ಹೋಗಲಿಲ್ಲ. ಅಪ್ಸರಕೊಂಡದ ಜಲಪಾತದ ಬಳಿ ಛತ್ರಿ ಹಿಡಿದು ನಿಂತಳು. ಪ್ರವಾಸಕ್ಕೆ ಬಂದಿದ್ದ ಕುಟುಂಬವೊಂದು ಫೋಟೋ ತೆಗೆದುಕೊಡಿ ಎಂದಿತು. ಎಲ್ಲರೂ ಬರುವಂತೆ ತೆಗೆದುಕೊಟ್ಟಳು. ಅವರು ಥ್ಯಾಂಕ್ಸ್ ಹೇಳಿ ಹೋದರು. ಆ ದಿನ ಅವಳೊಡನೆ ಬೇರೆ ಯಾರೂ ಮಾತಾಡಲಿಲ್ಲ.

ಅದರ ಮರುವಾರ ಹೋದಳು. ಈ ಸಲ ಅವಳ ಪಾತ್ರ ಸುಬ್ಬಿ ಎಂಬ ದೋಣಿಯವಳು. ಹೊಳೆ ದಾಟುವ ಕಡವಿನಲ್ಲಿ ಕಳ್ಳರು ಅಡ್ಡಗಟ್ಟಿದರು. ಪೂರ್ಣಿಮಾ ಗುಂಡಿಯ ಮೇಲೆ ಬೆರಳಿಟ್ಟು ಹಾಗೆಯೇ ಕುಳಿತಳು. ಏಟು ತಿನ್ನುವುದು ಅವಳಿಗೆ ಕಷ್ಟವಿರಲಿಲ್ಲ. ಬನ್ನಿ ಎಂದು ಕೇಳುವುದು ಕಷ್ಟವಾಗಿತ್ತು.

"ನಾನು ಇವರ ನಡುವೆ ಓಡ್ತೆ," ಎಂದಳು. "ಏಟೆಲ್ಲ ನಂಗೆ ಬೀಳ್ತದೆ. ಆಮೇಲೆ ನಿಮಗೆ ದಾರಿ ಖಾಲಿ. ಆದ್ರೆ ನೀವು ಬರ್ಬೇಕು. ಇಲ್ದಿದ್ರೆ ನಾನು ಸಾಯ್ತೆ."

ರವೀಂದ್ರ ನಕ್ಷೆಯನ್ನು ನೋಡಿದ. "ಉಪಾಯ ಚಲೋ ಅದೆ ಅಕ್ಕ. ನಂಗೆ ಮಾತ್ರ ಅಷ್ಟು ಧೈರ್ಯ ಇಲ್ಲ. ನಾನು ಇಲ್ಲಿಂದ್ಲೇ ಬಾಣ ಬಿಡ್ತೆ."

"ನಾ ಬತ್ತೆ," ಎಂದಳು ಅರ್ಚನಾ.

ಸುಬ್ಬಿ ಓಡಿದಳು. ಏಟು ತಿಂದು ಆಚೆ ಬಿದ್ದಳು. ಹೇಳಿದಂತೆ ಅರ್ಚನಾ ಬಂದು ಮದ್ದು ಹಾಕಿ ಎಬ್ಬಿಸಿದಳು. ದೋಣಿ ಕಳ್ಳರ ಪಾಲಾಯಿತು, ಇಬ್ಬರೂ ಉಳಿದರು.

ಕೋಣೆಗೆ ಮರಳಿ ಅಕ್ಕಿ ತೊಳೆದಿಟ್ಟು, ಪೂರ್ಣಿಮಾ ಭಟ್ಕಳಕ್ಕೆ ಫೋನು ಮಾಡಿದಳು. ಅತ್ತಿಗೆ ಮಾಲತಿ ಎತ್ತಿದಳು.

"ಎಂತ ಆತು? ಹುಷಾರಿಲ್ವಾ?"

"ಹುಷಾರಿದ್ದೆ ಅತ್ತಿಗೆ. ಚೌತಿಗೆ ನಾನು ಅಲ್ಲಿಗೆ ಬರ್ಲಾ ಅಂತ ಕೇಳೂಕೆ ಮಾಡಿದೆ."

ಆ ಕಡೆ ಟೀವಿಯ ಸದ್ದು ತಗ್ಗಿತು. "ಅವರನ್ನ ಕೇಳಿ ಹೇಳ್ತೆ," ಎಂದಳು ಮಾಲತಿ.

ಮಾರನೆಯ ದಿನ ಅಂಗಡಿಯಲ್ಲಿರುವಾಗ ಅಣ್ಣನ ಮೆಸೇಜು ಬಂತು. ಚೌತಿಗೆ ಮಾಲತಿಯ ತವರಿಗೆ ಹೋಗುವವರಿದ್ದೇವೆ, ಆಮೇಲೆ ಯಾವಾಗಾದರೂ ಬಾ ಎಂದಿತ್ತು. ಅವಳು ನಿಂತಲ್ಲೇ ಎರಡು ಸಲ ಓದಿದಳು. ಮೊದಲಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದಳು.

"ಯಾವಾಗ ಬರ್ಲಿ? ದಿನ ಹೇಳು," ಎಂದು ಬರೆದು ಕಳಿಸಿದಳು. ಸಂಜೆ ಅಂಗಡಿಯ ಬಾಗಿಲೆಳೆಯುವವರೆಗೂ ಉತ್ತರ ಬಂದಿರಲಿಲ್ಲ.