ತೊಳೆಯದ ಕೈ

“ಅಂಗಿ ತೆಗಿ, ತಮ್ಮಾ. ಮಂತ್ರಗಿಂತ್ರ ಅಂತ ಕಾಯಬ್ಯಾಡ, ನನಗ ಬರೂದಿಲ್ಲ,” ಎಂದಳು ತುಳಸಾ.

ಸುಭಾನಿ ಎಡಗೈಯಲ್ಲೇ ಗುಂಡಿ ಬಿಚ್ಚಿದ. ಯುದ್ಧಕ್ಕೆ ಮರ ಬೇಕೆಂದು ದಾಂಡೇಲಿಯ ಡಿಪೋದಲ್ಲಿ ಬಿಡುವಿಲ್ಲದೆ ದಿಮ್ಮಿ ಹೇರುತ್ತಿದ್ದರು. ಒಂದು ಜಾರಿ ಅವನ ಬಲಭುಜಕ್ಕೆ ಬಡಿದಿತ್ತು. ಹಳಿಯಾಳದಿಂದ ಹೊಸದಾಗಿ ಬಂದ ಹುಡುಗ. ಮೌಳಂಗಿಯ ಹೊಳೆದಂಡೆಯಲ್ಲಿ ಕೈಯಿಟ್ಟು ನೋವು ತೆಗೆಯುವ ಸಿದ್ದಿ ಮುದುಕಿ ಇದ್ದಾಳೆಂದು ಜೊತೆಯವರು ಕಳಿಸಿದ್ದರು. ಉಳಿದದ್ದನ್ನು ಹೇಳಿರಲಿಲ್ಲ.

“ಎಣ್ಣಿ, ಬೇರು, ಏನೂ ಇಲ್ಲೇನ್ರಿ?”

“ಕೈ ಐತಲ್ಲ. ಮೊದಲ ಬಿಸಿ ಅನಸ್ತೈತಿ. ಆಮ್ಯಾಲ ಇರಿವಿ ಹರದಂಗ ಆಗ್ತೈತಿ. ನಿದ್ದಿ ಬಂದ್ರ ಮಲಕ್ಕೊ. ಅಳು ಬಂದ್ರ ಅಳು.”

“ಅಳೂದಾ? ಗಂಡಸ ಅದೀನ್ರಿ ನಾ!”

“ಹೂಂ, ಅಳವ್ರೆಲ್ಲಾ ಹಂಗಽ ಅಂತಾರ. ಕಣ್ಣ ಮುಚ್ಚು.”

ತಿಕ್ಕಲಿಲ್ಲ, ಒತ್ತಲಿಲ್ಲ. ಅಂಗೈಯನ್ನು ಭುಜದ ಮೇಲೆ ಹಾಗೇ ಇಟ್ಟು ಕೂತಳು.

ಸಾಯುವಾಗ ಅತ್ತೆ ಕೊಟ್ಟುಹೋದ ಕೈ ಅದು. ತೆಗೆದ ನೋವು ಆ ಕೈಯಲ್ಲೇ ಉಳಿಯುತ್ತದೆ, ಹೊಳೆಯಲ್ಲಿ ತೊಳೆಯುವ ತನಕ ಯಾರೂ ಮುಟ್ಟಬಾರದು ಎಂಬುದು ಕಟ್ಟಳೆ. ತೊಳೆದ ಮೇಲಾದರೂ ಯಾರು ಮುಟ್ಟುತ್ತಿದ್ದರು? ಬಳೆಗಾರ ಕೂಡ ಬಳೆಯನ್ನು ನೆಲದ ಮೇಲಿಟ್ಟು ಹೋಗುತ್ತಿದ್ದ. ಮೊಮ್ಮಗಳಿಗೆ ಜ್ವರ ಬಂದರೆ ಸೊಸೆ ತಂದು ಮಡಿಲಲ್ಲಿ ಹಾಕುವಳು. ಜ್ವರ ಬಿಟ್ಟಿತೋ, ಕಿತ್ತುಕೊಂಡು ಒಳಗೆ. ಊರಿಗೆಲ್ಲ ಬೇಕಾದ ಕೈ. ಗಂಡ ಸತ್ತ ದಿನವೂ ಅದನ್ನು ಹಿಡಿದುಕೊಂಡು ಕೂರುವವರು ಇರಲಿಲ್ಲ.

ಸುಭಾನಿ ಗೊರಕೆ ಹೊಡೆದ. ಎಚ್ಚರಾದಾಗ ಕೆನ್ನೆ ಒದ್ದೆಯಾಗಿತ್ತು. ತುಳಸಾ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಅವನು ತೋಳನ್ನು ಮೆಲ್ಲಗೆ ಎತ್ತಿದ. ಎದೆಯ ತನಕ. ಗದ್ದದ ತನಕ.

“ಯಾ ಅಲ್ಲಾ!” ಎಂದವನೇ ಬಾಗಿ, ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ.

ಅಂಗಳದಲ್ಲಿ ಬಿದಿರು ಸೀಳುತ್ತಿದ್ದ ಮಗ ಸೋಮಾ ಕತ್ತಿ ಬಿಸಾಕಿ ಓಡಿಬಂದ.

“ಏ, ಬಿಡೋ! ಕೈ ತೊಳದಿಲ್ಲ ಆಕಿ! ನಿನ್ನ ನೋವು ನಿನಗಽ ತಿರುಗಿ ಬರ್ತೈತಿ!”

“ಮನ್ಯಾಗ ನಮ್ಮ ಮುದುಕಿ ದಾದಿಗೂ ಹಿಂಗಽ ಮಾಡ್ತೇನಿ, ಅಣ್ಣಾ. ಬಂದ್ರ ಬರ್ಲಿ ಬಿಡ್ರಿ, ಅದೇನ ಹೊಸಾದಾ?” ಸುಭಾನಿ ನಕ್ಕ. ಕೈ ಬಿಡಲಿಲ್ಲ. ಸಾಗುವಾನಿ ಹೊತ್ತು ಒರಟಾದ ಅವನ ಅಂಗೈ, ಇನ್ನೂ ನಿದ್ದೆಯ ಬಿಸಿ.

“ಆಯೀ, ನೀನರ ಕೈ ಜಗ್ಗಕೋಬಾರದಾ? ನಾಳೆ ಇವನ ಭುಜ ಮತ್ತ ಹಿಡೀತಂದ್ರ ಊರು ನಿನಗ ಅಂತೈತಿ. ಒಬ್ಬರೂ ಈ ಬಾಗಲಾ ತುಳಿಯೂದಿಲ್ಲ.”

ಜಗ್ಗಿಕೊಳ್ಳಬೇಕಿತ್ತು. ಅವಳಿಗೆ ಗೊತ್ತಿತ್ತು. ಅವನಾಗಿ ಬಿಡುವ ತನಕ ತುಳಸಾ ಕೈಯನ್ನು ಅಲ್ಲೇ ಇಟ್ಟಿದ್ದಳು.

ಸುಭಾನಿ ಸಿಳ್ಳೆ ಹಾಕುತ್ತ ಡಿಪೋದ ದಾರಿ ಹಿಡಿದ.

“ಮೊದಲ ಹೊಳಿಗೆ ನಡಿ,” ಎಂದ ಸೋಮಾ. ಅವಳು ಅಂಗಳಕ್ಕಿಳಿದಾಗ ಸೊಸೆ ಮೊಮ್ಮಗಳನ್ನು ರಟ್ಟೆ ಹಿಡಿದು ಒಳಗೆಳೆದುಕೊಂಡಳು.

ಕಾಳಿ ಹೊಳೆಯಲ್ಲಿ ಬಿಸಿಲು ಇಳಿಯುತ್ತಿತ್ತು. ತುಳಸಾ ಬಂಡೆಯ ಮೇಲೆ ಕೂತು ಕಾಲು ತೊಳೆದಳು, ಮುಖ ತೊಳೆದಳು. ಎಡಗೈಯನ್ನು ಮೊಣಕೈ ತನಕ ಅದ್ದಿ, ಮರಳು ಹಾಕಿ ತಿಕ್ಕಿದಳು. ಬಲಗೈಯನ್ನು ಮುಷ್ಟಿ ಮಾಡಿ, ಹನಿ ಸಿಡಿಯದಂತೆ ಸೆರಗಿನೊಳಗೆ ಇಟ್ಟುಕೊಂಡು, ದಿಬ್ಬ ಹತ್ತತೊಡಗಿದಳು.